ನಿಮಗಿದು ಗೊತ್ತೇ? ಬಾಡಿಗೆ ಡಿಶ್, ಬೇರೆಯವರ ಉಪಗ್ರಹ!

● ಉಪಗ್ರಹದ ಜತೆ ಮಾತನಾಡಲು ಈಗ ಸ್ವಂತ ಡಿಶ್ ಆ್ಯಂಟೆನಾ ಇರಲೇಬೇಕೆಂದಿಲ್ಲ. ಅಮೆಜಾನ್ ಕಂಪನಿ 2019ರಿಂದ ಭೂಕೇಂದ್ರಗಳನ್ನು (ಡಿಶ್ ಇರುವ ನೆಲದ ಕೇಂದ್ರಗಳನ್ನು) ನಿಮಿಷದ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದೆ.

● ಕೆಳಕಕ್ಷೆಯ ಉಪಗ್ರಹ ಒಂದು ಭೂಕೇಂದ್ರದ ಕಣ್ಣಿಗೆ ಬೀಳುವುದು ಒಂದು ಸಲಕ್ಕೆ ಸುಮಾರು 10 ನಿಮಿಷ ಮಾತ್ರ. ಅಷ್ಟಕ್ಕಾಗಿ ದೇಶದೇಶಗಳಲ್ಲಿ ಡಿಶ್ ನಿಲ್ಲಿಸುವುದು ಸಣ್ಣ ಕಂಪನಿಗಳ ಕೈಲಾಗದ ಮಾತು. ಹಾಗಾಗಿ ಒಂದೇ ಡಿಶ್ ಬೆಳಗ್ಗೆ ಒಬ್ಬರದು, ಮಧ್ಯಾಹ್ನ ಇನ್ನೊಬ್ಬರದು.

● ಬಾಡಿಗೆಗೆ ಕೊಡುವ ಮುನ್ನ ಉಪಗ್ರಹದ ಗುರುತಿನ ಸಂಖ್ಯೆ, ತರಂಗಾಂತರದ ಪರವಾನಗಿ ನೋಡುತ್ತಾರೆ. ಆದರೆ ಗ್ರಾಹಕರ ಪಾಸ್‌ವರ್ಡೇ ಕಳುವಾದರೆ? ಕಳ್ಳ ಯಜಮಾನನ ಹೆಸರಿನಲ್ಲೇ ಒಳಗೆ ಬರುತ್ತಾನೆ.

● ಡಿಶ್‌ನ ದುರ್ಬಳಕೆ ಹೊಸದೇನಲ್ಲ. 1986ರ ಏಪ್ರಿಲ್ 27ರ ನಡುರಾತ್ರಿ ಅಮೆರಿಕದ ಎಚ್‌ಬಿಒ ವಾಹಿನಿಯ ಸಿನಿಮಾ ಮಾಯವಾಗಿ, ‘ಕ್ಯಾಪ್ಟನ್ ಮಿಡ್‌ನೈಟ್’ ಹೆಸರಿನ ಸಂದೇಶ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಕಾಣಿಸಿತು. ಕಳಿಸಿದಾತ ಫ್ಲಾರಿಡಾದ ವಾಣಿಜ್ಯ ಭೂಕೇಂದ್ರವೊಂದರ ನೌಕರ. ಕೆಲಸದ ಡಿಶ್‌ನಿಂದಲೇ ಹೆಚ್ಚು ಶಕ್ತಿಯ ಸಂಕೇತ ಹಾಯಿಸಿ ಮೂಲ ಪ್ರಸಾರವನ್ನು ಅಡಗಿಸಿದ್ದ!

● 2008ರಲ್ಲಿ ನಾಸಾದ ಟೆರ್ರಾ ಉಪಗ್ರಹದೊಳಗೆ ಅಪರಿಚಿತರು ಎರಡು ಬಾರಿ ಕೈಯಾಡಿಸಿದರು: ಜೂನ್‌ನಲ್ಲಿ ಕನಿಷ್ಠ 2 ನಿಮಿಷ, ಅಕ್ಟೋಬರ್‌ನಲ್ಲಿ ಕನಿಷ್ಠ 9 ನಿಮಿಷ. ಆದೇಶ ಕೊಡಲು ಬೇಕಾದ ಎಲ್ಲ ಹಂತ ದಾಟಿದ್ದರೂ ಅವರು ಆದೇಶ ಕೊಡಲಿಲ್ಲ ಎಂದು ಅಮೆರಿಕ ಸಂಸತ್ತು ನೇಮಿಸಿದ ಆಯೋಗವೊಂದು 2011ರಲ್ಲಿ ವರದಿ ಮಾಡಿತು.

● 2022ರ ಫೆಬ್ರುವರಿ 24. ರಷ್ಯಾ ಉಕ್ರೇನಿಗೆ ನುಗ್ಗಿದ ದಿನವೇ ಕೆಎ-ಸ್ಯಾಟ್ ಉಪಗ್ರಹದ ಹತ್ತಾರು ಸಾವಿರ ಇಂಟರ್‌ನೆಟ್ ಮೋಡೆಮ್‌ಗಳು ಸತ್ತವು. ಮಧ್ಯ ಯುರೋಪಿನಲ್ಲಿ ಸುಮಾರು 5,800 ಗಾಳಿಯಂತ್ರಗಳ ಜತೆ ಸಂಪರ್ಕ ಕಡಿದುಹೋಯಿತು. ದಾಳಿಕೋರರು ಉಪಗ್ರಹವನ್ನು ಮುಟ್ಟಲೇ ಇಲ್ಲ. ನೆಲದ ಜಾಲದಲ್ಲಿ ದೂರದಿಂದ ಒಳಬರಲು ಬಳಸುವ, ಸರಿಯಾಗಿ ಹೊಂದಿಸದ ವಿಪಿಎನ್ ಉಪಕರಣವೇ ಅವರಿಗೆ ಬಾಗಿಲಾಯಿತು.

● ಕರ್ನಾಟಕಕ್ಕೂ ಇದು ದೂರದ ಸುದ್ದಿಯಲ್ಲ. ಇಸ್ರೊದ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ, ಉಪಗ್ರಹಗಳ ಜಾಡು ಹಿಡಿಯುವ ಬೆಂಗಳೂರಿನ ಇಸ್ಟ್ರ್ಯಾಕ್, ಬ್ಯಾಲಾಳುವಿನ 32 ಮೀಟರ್ ಆ್ಯಂಟೆನಾ ಎಲ್ಲ ನಮ್ಮ ನೆಲದಲ್ಲೇ ಇವೆ. ಇಸ್ಟ್ರ್ಯಾಕ್ ಹೊರದೇಶಗಳ ಉಪಗ್ರಹಗಳಿಗೂ ಸೇವೆ ಕೊಡುತ್ತದೆ.

● ಆದೇಶ ಯಾವ ಡಿಶ್‌ನಿಂದ ಬಂತೆಂದು ಉಪಗ್ರಹಕ್ಕೆ ತಿಳಿಯದು. ಅದು ಗುರುತಿಸಬಲ್ಲದ್ದು ಗೂಢಲಿಪಿಯ ಕೀಲಿಯನ್ನು ಮಾತ್ರ. ಆ ಕೀಲಿ ಬಾಡಿಗೆ ಕೇಂದ್ರದ ಕೈಗೆ ಹೋಗದೆ ಮಾಲೀಕರ ಬಳಿಯೇ ಇರಬೇಕು. ಆಗ ಡಿಶ್ ಕಳ್ಳನ ಪಾಲಾದರೂ ಅವನು ಗದ್ದಲ ಎಬ್ಬಿಸಬಲ್ಲನೇ ಹೊರತು ಆದೇಶ ಕೊಡಲಾರ. ಉಪಗ್ರಹಕ್ಕೆ ಈ ಬೀಗವನ್ನು ನೆಲದ ಮೇಲಿರುವಾಗಲೇ ಜಡಿಯಬೇಕು. ಮೇಲೆ ಹೋದ ಮೇಲೆ ಬೀಗ ಹಾಕಲು ಯಾರೂ ಹೋಗಲಾರರು.