ಮೂರು ತೆಳು ಕಾದಂಬರಿ, ಒಂದೇ ಮನೆಯ ಕಥೆ

ಕಾದಂಬರಿ ಎಂದೊಡನೆ ಐನೂರು, ಆರುನೂರು ಪುಟಗಳ ದಪ್ಪ ಪುಸ್ತಕ ಕಣ್ಣ ಮುಂದೆ ಬರುವುದು ಕನ್ನಡದ ಓದುಗನ ಮಟ್ಟಿಗೆ ಸಹಜವೇ. ಕುವೆಂಪು, ಭೈರಪ್ಪ ಮೊದಲಾದವರು ಹಾಕಿಕೊಟ್ಟ ರೂಢಿ ಅದು. ಆದರೆ ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಬಹುದಾದ, ಮುಗಿದ ಮೇಲೆ ವಾರಗಟ್ಟಲೆ ಮನಸ್ಸನ್ನು ಕೊರೆಯುವ ತೆಳು ಕಾದಂಬರಿಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಶಿವರಾಮ ಕಾರಂತರ 'ಚೋಮನ ದುಡಿ', ನಾ. ಡಿಸೋಜರ 'ದ್ವೀಪ', ವಿವೇಕ ಶಾನಭಾಗರ 'ಘಾಚರ್ ಘೋಚರ್' ಇವುಗಳನ್ನು ಒಂದರ ಬೆನ್ನಿಗೆ ಒಂದರಂತೆ ಓದಿದವರಿಗೆ ಒಂದು ಸೋಜಿಗ ಕಾದಿರುತ್ತದೆ. ಕಾಲ ಬೇರೆ, ಊರು ಬೇರೆ, ಜಾತಿ ಬೇರೆ. ಆದರೂ ಮೂರೂ ಒಂದು ಮನೆಯನ್ನು ಉಳಿಸಿಕೊಳ್ಳಲು ಹೆಣಗುವವರ ಕಥೆಗಳೇ.

'ಚೋಮನ ದುಡಿ' ಪ್ರಕಟವಾದದ್ದು 1933ರಲ್ಲಿ. ಚೋಮನಿಗಿರುವುದು ಒಂದೇ ಆಸೆ: ಒಂದು ತುಂಡು ಗದ್ದೆಯನ್ನು ಗೇಣಿಗೆ ಪಡೆದು ತಾನೇ ಉಳಬೇಕು. ಎತ್ತುಗಳಿವೆ, ತೋಳಿನಲ್ಲಿ ಬಲವಿದೆ. ಇಲ್ಲದಿರುವುದು ಹುಟ್ಟಿನ ಅರ್ಹತೆ. ಒಡೆಯ ಸಂಕಪ್ಪಯ್ಯ ಕೇಡಿಗನಲ್ಲ. ಅವನ ಮನಸ್ಸು ಒಮ್ಮೊಮ್ಮೆ ಕರಗುವುದೂ ಉಂಟು. ಓದುಗನಿಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಕ್ರೂರಿಯೊಬ್ಬನಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಇಲ್ಲಿ ಒಳ್ಳೆಯವರೇ ಇದ್ದೂ ಏನೂ ಆಗುವುದಿಲ್ಲ. ಚೋಮನ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದ ಮೇಲುಜಾತಿಯವರು ಮುಟ್ಟಲು ಹಿಂಜರಿಯುತ್ತಾರೆ. ಕಾರಂತರು ಈ ಸಂದರ್ಭದಲ್ಲಿ ದನಿ ಎತ್ತುವುದಿಲ್ಲ. ಕಂಡದ್ದನ್ನು ಹೇಳಿ ಮುಂದೆ ಸಾಗುತ್ತಾರೆ.

1974ರಲ್ಲಿ ದೇವರಾಜ ಅರಸು ಅವರ ಸರ್ಕಾರ 'ಉಳುವವನೇ ಹೊಲದೊಡೆಯ' ಎಂಬ ಭೂಸುಧಾರಣೆಯನ್ನು ಜಾರಿಗೆ ತಂದಿತು. ಕರಾವಳಿಯ ಅಸಂಖ್ಯಾತ ಗೇಣಿದಾರರು ಭೂಮಿಯ ಒಡೆಯರಾದರು. ಅಂದು ಚೋಮ ಬದುಕಿದ್ದರೆ ಅವನಿಗೂ ಗದ್ದೆ ಸಿಗುತ್ತಿತ್ತೇ? ಕಾದಂಬರಿಯನ್ನು ಈಗ ಓದುವವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳದೆ ಇರದು. ಉತ್ತರ ಕಹಿಯಾದದ್ದು. ಕಾನೂನು ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮ ಗೇಣಿದಾರನೇ ಆಗಿರಲಿಲ್ಲ. ಗೇಣಿದಾರನಾಗುವುದೇ ಅವನ ಕನಸಾಗಿತ್ತು. ತೊಂಬತ್ತು ವರ್ಷ ದಾಟಿದ ಈ ಪುಸ್ತಕ ಹಳತಾಗದಿರುವುದಕ್ಕೆ ಇದೂ ಒಂದು ಕಾರಣ.

'ದ್ವೀಪ'ದಲ್ಲಿ ಭೂಮಿ ಇದೆ, ಅದನ್ನು ನೀರು ನುಂಗುತ್ತದೆ. ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಎದ್ದು ನಿಂತಿತು. ಸಾಗರದವರಾದ ಡಿಸೋಜ ಆ ಯೋಜನೆಯಲ್ಲಿ ನೌಕರಿ ಮಾಡಿದವರು. ಮುಳುಗಡೆಯನ್ನು ಕಣ್ಣಾರೆ ಕಂಡವರು. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಮಲೆನಾಡು ನೆನೆದದ್ದೂ ಮುಳುಗಡೆಯ ಕಥೆಗಾರನನ್ನೇ. ಗಣಪಯ್ಯ ತನ್ನ ನೆಲ ಬಿಟ್ಟು ಹೋಗಲಾರ. ಸುತ್ತ ನೀರು ಏರುತ್ತದೆ. ಅವನಿರುವ ಜಾಗ ದ್ವೀಪವಾಗುತ್ತದೆ. ಹೆಂಡತಿ ನಾಗವೇಣಿಯ ತವರಿನ ಕಡೆಯ ಕೃಷ್ಣಯ್ಯ ನೆರವಿಗೆ ಬಂದ ಮೇಲೆ ಇನ್ನೊಂದು ನೀರು ಏರತೊಡಗುತ್ತದೆ. ಅದು ಗಂಡನ ಎದೆಯೊಳಗಿನ ಸಂಶಯ. ಹೊರಗಿನ ಪ್ರವಾಹ ಮನೆಯೊಳಗೆ ನುಗ್ಗುವ ಬಗೆಯನ್ನು ಡಿಸೋಜ ಆಡಂಬರವಿಲ್ಲದ ಮಾತಿನಲ್ಲಿ ಕಟ್ಟುತ್ತಾರೆ. ಗಿರೀಶ ಕಾಸರವಳ್ಳಿ ಇದನ್ನೇ ಚಲನಚಿತ್ರವಾಗಿಸಿದಾಗ ನಾಗವೇಣಿಯಾಗಿ ನಟಿಸಿದ ಸೌಂದರ್ಯ ಅದರ ನಿರ್ಮಾಪಕಿಯೂ ಆಗಿದ್ದರು.

ಈ ಪುಸ್ತಕವನ್ನು ರಾತ್ರಿ ವಿದ್ಯುತ್ ದೀಪದ ಕೆಳಗೆ ಓದುವವರಿಗೆ ಒಂದು ಕಿರಿಕಿರಿ ತಪ್ಪಿದ್ದಲ್ಲ. ಕರ್ನಾಟಕದ ಮನೆಗಳಿಗೆ ದಶಕಗಳ ಕಾಲ ಬೆಳಕು ಹರಿದು ಬಂದದ್ದು ಶರಾವತಿಯಿಂದ. ಗಣಪಯ್ಯನ ಹಿತ್ತಿಲು ಮುಳುಗಿದ್ದರಿಂದಲೇ ಪುಟದ ಮೇಲೆ ಬೆಳಕು ಬಿದ್ದಿದೆ.

'ಘಾಚರ್ ಘೋಚರ್' 2013ರದು. ಇಲ್ಲಿಗೆ ಬರುವ ಹೊತ್ತಿಗೆ ಮನೆ ಬೆಂಗಳೂರು ಸೇರಿದೆ. ಇರುವೆಗಳ ಕಾಟದ ಇಕ್ಕಟ್ಟಾದ ಮನೆಯಲ್ಲಿ ಒಬ್ಬರಿಗೊಬ್ಬರು ಆಸರೆಯಾಗಿದ್ದ ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ಪುಡಿಯ ವ್ಯಾಪಾರ ಕೈಹಿಡಿಯುತ್ತದೆ. ಹಣ ಬರುತ್ತದೆ. ಹಣ ತಂದವನನ್ನು ಕಾಯುವುದೇ ಮನೆಮಂದಿಯ ಧರ್ಮವಾಗುತ್ತದೆ. ಅವನನ್ನು ಹುಡುಕಿಕೊಂಡು ಸಾರಿನ ಪಾತ್ರೆ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರೇ ಬೈದು ಅಟ್ಟುವ ಪ್ರಸಂಗವನ್ನು ಓದಿದವರು ಮರೆಯಲಾರರು. ಕಾಫಿ ಹೌಸಿನಲ್ಲಿ ಕುಳಿತು ಕಥೆ ಹೇಳುವ ಯುವಕ ಎಷ್ಟು ಸಭ್ಯನೆಂದರೆ, ಓದುಗ ಅವನ ಪಕ್ಕದ ಕುರ್ಚಿಯಲ್ಲಿ ಹಾಯಾಗಿ ಕುಳಿತುಬಿಡುತ್ತಾನೆ. ಅವನು ಏನನ್ನು ಹೇಳದೆ ಬಿಡುತ್ತಿದ್ದಾನೆ ಎಂಬ ಅನುಮಾನ ಮೂಡುವಷ್ಟರಲ್ಲಿ ಪುಸ್ತಕ ಮುಗಿಯುತ್ತ ಬಂದಿರುತ್ತದೆ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಮನೆ ಉಳಿಸುವ ಹಟ ಗಂಡಸರದು. ಬೆಲೆ ತೆರುವವಳು ಹೆಣ್ಣು. ಕಾಫಿ ತೋಟದ ಸಾಲ ಚೋಮನ ಹೆಸರಿನಲ್ಲಿದೆ, ದುಡಿದು ಸವೆಯುವವಳು ಮಗಳು ಬೆಳ್ಳಿ. ನೆಲದ ಮೋಹ ಗಣಪಯ್ಯನದು, ದುಡಿಮೆಯೂ ಅಪವಾದವೂ ನಾಗವೇಣಿಯ ಪಾಲಿಗೆ. ಶಾನಭಾಗರ ಅನಿತಾ ಹಣದ ಮೂಲವನ್ನು, ಅದರ ನ್ಯಾಯವನ್ನು ಬಾಯಿಬಿಟ್ಟು ಕೇಳುವ ಸೊಸೆ. ಅವಳ ಗತಿ ಏನಾಯಿತೆಂದು ಕಾದಂಬರಿ ಹೇಳುವುದಿಲ್ಲ. ಬೆಳ್ಳಿಗೆ ಕೇಳಲು ನಾಲಿಗೆಯೇ ಇರಲಿಲ್ಲ. ಅನಿತಾಳಿಗೆ ನಾಲಿಗೆ ಇದೆ, ಕೇಳುವ ಕಿವಿಗಳಿಲ್ಲ. ಎಂಬತ್ತು ವರ್ಷಗಳಲ್ಲಿ ಆದ ಬದಲಾವಣೆ ಇಷ್ಟೇ ಎನ್ನಬಹುದೇನೋ.

ಹೀಗೆಂದು ಈ ಪುಸ್ತಕಗಳು ಬರಿಯ ದುಃಖದ ಕಂತೆಗಳಲ್ಲ. ದುಡಿಯ ಸದ್ದಿನಲ್ಲಿ ಚೋಮನ ಅಭಿಮಾನವಿದೆ, ನಾಗವೇಣಿಯ ಕೆಲಸದಲ್ಲಿ ಛಲವಿದೆ, ಇರುವೆಗಳ ಮೇಲಿನ ಅಮ್ಮನ ಸಮರದಲ್ಲಿ ನಗೆಯೂ ಇದೆ. ಗ್ರಂಥಾಲಯದ ಕಪಾಟಿನಲ್ಲಿ ದಪ್ಪ ಸಂಪುಟಗಳ ನಡುವೆ ಅಡಗಿರುವ ಇವನ್ನು ಎಳೆದು ತೆಗೆಯಲು ಹೆಚ್ಚು ಶ್ರಮ ಬೇಡ. ಒಂದು ಭಾನುವಾರದ ಮಧ್ಯಾಹ್ನ ಒಂದಕ್ಕೆ ಸಾಕು. ಓದಿ ಮುಗಿಸಿದ ಮೇಲೆ ತನ್ನ ಮನೆಯ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಲೆಕ್ಕ ಹಾಕುವುದಕ್ಕೆ ಮಾತ್ರ ಹೆಚ್ಚು ಸಮಯ ಬೇಕಾದೀತು.