ಬಂಡೆ ಏರಿ, ಕೆರೆ ಏರಿ: ಕೋಲಾರ ಸೀಮೆಯಲ್ಲಿ ಮೂರು ದಿನ

ಬೆಂಗಳೂರಿನಿಂದ ತಿರುಪತಿಗೋ ಚೆನ್ನೈಗೋ ಹೊರಟವರು ಕೋಲಾರವನ್ನು ದಾಟುತ್ತಾರೆ, ನೋಡುವುದಿಲ್ಲ. ಮುಳಬಾಗಿಲಲ್ಲಿ ದೋಸೆಗೆಂದು ಗಾಡಿ ನಿಲ್ಲಿಸಿದರೆ ಅದೇ ದೊಡ್ಡದು. ಒಂದಕ್ಕೊಂದು ಒರಗಿ ನಿಂತ ಹೆಬ್ಬಂಡೆಗಳು, ಅವುಗಳ ಬುಡದಲ್ಲಿ ಕೆರೆ, ಕೆರೆಯ ಕೆಳಗೆ ರಾಗಿ ಹೊಲ, ಟೊಮೆಟೊ ತೋಟ, ಇಷ್ಟೂ ಕಿಟಕಿಯಾಚೆ ಸರಿದುಹೋಗುತ್ತವೆ. ಜೀವನದಿ ಇಲ್ಲದ ಜಿಲ್ಲೆ, ಬರದ ಸೀಮೆ, ಮುಗಿದುಹೋದ ಚಿನ್ನದ ಗಣಿ ಎಂಬ ಮೂರು ಮಾತಿನಲ್ಲಿ ಕೋಲಾರದ ವಿಚಾರ ಮುಗಿಸುವುದು ರೂಢಿ. ಮೂರು ದಿನ ಬಿಡುವು ಮಾಡಿಕೊಂಡು, ಊರಿನವರೊಬ್ಬರನ್ನು ಜತೆಗೆ ಕರೆದುಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಸುತ್ತಿದರೆ ಬೇರೆಯೇ ನಾಡು ಕಾಣುತ್ತದೆ. ನೀರು ಕಡಿಮೆ ಇರುವ ನೆಲದಲ್ಲಿ ಜನ ಸಾವಿರಾರು ವರ್ಷ ಹೇಗೆ ಬಾಳಿದರು ಎಂಬುದು ಈ ನಾಡಿನ ಕಲ್ಲುಗಳಲ್ಲಿಯೇ ಇದೆ.

ಒಣನೆಲವನ್ನು ನೋಡಲೆಂದೇ ಜನ ಜಗತ್ತಿನ ಇನ್ನೊಂದು ತುದಿಗೆ ಹೋಗುವುದುಂಟು. ದಕ್ಷಿಣ ಅಮೆರಿಕದ ಚಿಲಿ ದೇಶದ ಸ್ಯಾನ್ ಪೆದ್ರೊ ದೆ ಅಟಕಾಮಾ ಎಂಬ ಮರುಭೂಮಿಯ ಊರಿನಿಂದ ಬೊಲಿವಿಯಾದ ಉಯುನಿ ಉಪ್ಪಿನ ಬಯಲಿಗೆ ಜೀಪಿನಲ್ಲಿ ಮೂರು ದಿನದ ಪ್ರವಾಸ ಬಲು ಹೆಸರುವಾಸಿ. ಆಂಡೀಸ್ ಪರ್ವತದ ನಾಲ್ಕು ಸಾವಿರ ಮೀಟರಿಗೂ ಎತ್ತರದ ದಾರಿಯಲ್ಲಿ, ಆ ನೆಲವನ್ನು ಬಲ್ಲ ಚಾಲಕ ಇಲ್ಲದೆ ಯಾರೂ ಹೊರಡುವುದಿಲ್ಲ. ಕೋಲಾರದ ಬೆಟ್ಟಗಳು ಎತ್ತರದಲ್ಲಿ ಆಂಡೀಸ್‌ಗೆ ಸಾಟಿಯಲ್ಲ. ಅಟಕಾಮಾದಂಥ ಮರುಭೂಮಿಯೂ ಇದಲ್ಲ. ಇಲ್ಲಿ ವರ್ಷಕ್ಕೆ ಸರಾಸರಿ 700 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ವಯಸ್ಸಿನಲ್ಲಿ ಮಾತ್ರ ಹಿರಿತನ ನಮ್ಮದೇ. ಆಂಡೀಸ್ ಇನ್ನೂ ಏಳುತ್ತಿರುವ ಪರ್ವತ, ಕೆಲವೇ ಕೋಟಿ ವರ್ಷಗಳದು. ಕೋಲಾರದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಮಳೆ, ಬಿಸಿಲು, ಗಾಳಿಗೆ ಮೇಲಿನದೆಲ್ಲ ಸವೆದು ಕೊಚ್ಚಿಹೋಗಿ, ಉಳಿದ ಗಟ್ಟಿ ತಿರುಳೇ ಇಂದಿನ ಬೆಟ್ಟ.

ಮೊದಲ ದಿನ: ಶತಶೃಂಗದ ನೆತ್ತಿ

ಕೋಲಾರ ಪಟ್ಟಣಕ್ಕೆ ಅಂಟಿಕೊಂಡೇ ಶತಶೃಂಗ ಬೆಟ್ಟಸಾಲು ಇದೆ. ಬೆಳಗಿನ ಜಾವವೇ ಅಂತರಗಂಗೆಯ ಮೆಟ್ಟಿಲು ಹತ್ತಲು ಶುರುಮಾಡಬೇಕು. ಬಿಸಿಲೇರಿದರೆ ಬಂಡೆ ಕಾದು ಕಾಲಿಡಲಾಗುವುದಿಲ್ಲ. ಮೆಟ್ಟಿಲು ಮುಗಿಯುವಲ್ಲಿ ಕಾಶಿ ವಿಶ್ವೇಶ್ವರನ ಗುಡಿ, ಗುಡಿಯ ಮುಂದೆ ಕಲ್ಯಾಣಿ. ಕಲ್ಲಿನ ಬಸವನ ಬಾಯಿಂದ ನೀರು ವರ್ಷವಿಡೀ ಬೀಳುತ್ತದೆ. ಸುತ್ತಲ ಕೊಳವೆಬಾವಿಗಳು ಸಾವಿರ ಅಡಿ ದಾಟಿದರೂ ನೀರು ಕಾಣದ ಊರುಗಳ ನಡುವೆ ಈ ಒರತೆ ಬತ್ತದಿರುವುದನ್ನು ಜನ ದೇವರ ಮಹಿಮೆ ಎನ್ನುತ್ತಾರೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಗಳ ಬಿರುಕಿನಲ್ಲಿ ಇಳಿದು, ತಡವಾಗಿ, ತುಸುತುಸುವೇ ಹೊರಬರುವುದು ಇಂಥ ಒರತೆಗಳ ಕ್ರಮ. ಎರಡೂ ಮಾತು ಹೇಳುವುದು ಒಂದನ್ನೇ: ಈ ಬೆಟ್ಟ ಉಳಿದರೆ ನೀರು ಉಳಿಯುತ್ತದೆ.

ಗುಡಿಯಿಂದ ಮೇಲಕ್ಕೆ ದಾರಿ ಎಂಬುದು ಇಲ್ಲ, ಬಂಡೆಗಳ ಸಂದಿಯಿದೆ. ಮನೆಗಾತ್ರದ ಗುಂಡುಗಳು ಒಂದರ ಮೇಲೊಂದು ಉರುಳಿ ಬಿದ್ದು ನಡುವೆ ಗವಿಗಳಾಗಿವೆ. ಕೆಲವದರಲ್ಲಿ ತೆವಳಿಯೇ ನುಸುಳಬೇಕು. ಒಂದು ಕಾಲಕ್ಕೆ ಅಖಂಡವಾಗಿದ್ದ ಕಲ್ಲು ಬಿರುಕಿನ ಗುಂಟ ಸೀಳಿ, ಹೊರಗಿನ ಪದರ ಪದರವೇ ಕಳಚಿ ಮೂಲೆಗಳೆಲ್ಲ ಸವೆದು ದುಂಡಗಾದ ಬಗೆ ಇಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಗೊತ್ತಿಲ್ಲದವರು ಒಂದು ಗವಿ ಹೊಕ್ಕು ಇನ್ನೊಂದರಲ್ಲಿ ದಿಕ್ಕು ತಪ್ಪುವುದು ಸುಲಭ. ದನ, ಕುರಿ ಮೇಯಿಸಿ ಬೆಳೆದ ಇಲ್ಲಿನವರಿಗೆ ಪ್ರತಿ ಬಂಡೆಯೂ ಗುರುತು. ಯಾವ ಸಂದಿಯಲ್ಲಿ ಹೆಜ್ಜೇನಿದೆ, ಯಾವ ಕಡೆ ಚಿರತೆ ಓಡಾಡುತ್ತದೆ, ಎಲ್ಲಿ ಸೀತಾಫಲ ಮೊದಲು ಹಣ್ಣಾಗುತ್ತದೆ ಎಂದು ಅವರು ಬಲ್ಲರು. ಬೆಟ್ಟದ ಮೇಲೆ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ ತೇರಹಳ್ಳಿ ಮೊದಲಾದ ಊರುಗಳಿವೆ. ಬಂಡೆಗಳ ನಡುವಿನ ಬೊಗಸೆಯಷ್ಟು ಮಣ್ಣಿನಲ್ಲಿ ಹೊಲ, ತಗ್ಗಿನಲ್ಲಿ ಕುಂಟೆ ಮಾಡಿಕೊಂಡ ಬದುಕು ಅವರದು.

ಮಧ್ಯಾಹ್ನದ ಹೊತ್ತಿಗೆ ಇಳಿದು ಪಟ್ಟಣದೊಳಗೆ ಕೋಲಾರಮ್ಮನ ಗುಡಿ, ಸೋಮೇಶ್ವರ ಗುಡಿ ನೋಡಬಹುದು. ಕುವಲಾಲವೆಂದು ಶಾಸನಗಳು ಕರೆಯುವ ಈ ಊರು ತಲಕಾಡಿಗೆ ಮೊದಲು ಗಂಗರ ರಾಜಧಾನಿ. ಕೋಲಾರಮ್ಮನ ಗುಡಿಯ ಗೋಡೆಗಳ ಮೇಲೆ 11ನೇ ಶತಮಾನದ ಚೋಳರ ಕಾಲದ ತಮಿಳು ಶಾಸನಗಳಿವೆ. ಅದೇ ಆವರಣದಲ್ಲಿ ಚೇಳಿನ ಕಾಟ ಕಳೆಯುವ ಚೇಳಮ್ಮನೂ ಇದ್ದಾಳೆ. ಬಂಡೆಯ ಊರಿನವರಿಗೆ ಚೇಳಿಗಿಂತ ಹತ್ತಿರದ ಭಯ ಯಾವುದಿದ್ದೀತು? ವಿಜಯನಗರ ಕಾಲದ ಸೋಮೇಶ್ವರ ಗುಡಿಯ ಕಲ್ಯಾಣ ಮಂಟಪದ ಕಂಬಗಳನ್ನು ನೋಡಲು ಒಂದು ಗಂಟೆಯಾದರೂ ಬೇಕು. ಹೈದರಾಲಿಯ ತಂದೆ ಫತೇ ಮುಹಮ್ಮದನ ಸಮಾಧಿಯಿರುವ ಮಕ್‌ಬರಾ ಕೂಡ ಇದೇ ಪಟ್ಟಣದಲ್ಲಿದೆ.

ಸಂಜೆಗೆ ಹೆದ್ದಾರಿ ಬಿಟ್ಟು ಹುತ್ತೂರು ಹೋಬಳಿಯ ಹಳ್ಳಿದಾರಿ ಹಿಡಿಯಿರಿ. ಇಲ್ಲಿ ಟಿಕೆಟ್ ಕೊಟ್ಟು ನೋಡುವಂಥದು ಏನೂ ಇಲ್ಲ. ನೋಡಬೇಕಾದ್ದು ಕೆರೆ ಏರಿ, ತೂಬು, ಕೋಡಿ. ಬೆಟ್ಟದ ನೀರು ಒಂದು ಕೆರೆ ತುಂಬಿ ಕೋಡಿ ಹರಿದರೆ ಕಾಲುವೆಯಲ್ಲಿ ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಹೀಗೆ ಸರಪಳಿಯಾಗಿ ಕೆರೆ ಕಟ್ಟಿದ್ದರಿಂದಲೇ ಜೀವನದಿಯಿಲ್ಲದ ಸೀಮೆಯಲ್ಲಿ ಭತ್ತವೂ ಬೆಳೆಯಿತು. ಕಾಲುವೆ ಮುಚ್ಚಿ, ನೀಲಗಿರಿ ತೋಪು ಹಬ್ಬಿ, ಕೊಳವೆಬಾವಿ ಆಳವಾದಂತೆ ಸರಪಳಿ ಕಡಿಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಯಿಂದ ಮೊದಲಾಗಿ ತಾಲ್ಲೂಕಿನ ಕೆರೆಗಳಿಗೆ ಹರಿಯುತ್ತಿದೆ. ಬಹುಕಾಲ ಒಣಗಿದ್ದ ಕೆರೆಗಳಲ್ಲಿ ಹಕ್ಕಿ, ಮೀನು ಕಂಡದ್ದು ನಿಜ. ನೀರನ್ನು ಮೂರನೇ ಹಂತದಲ್ಲೂ ಶುದ್ಧ ಮಾಡಿ ಕೊಡಿ ಎಂಬ ರೈತರ ಒತ್ತಾಯವೂ ಅಷ್ಟೇ ನ್ಯಾಯವಾದದ್ದು. ಏರಿಯ ಮೇಲೆ ನಿಂತು ಊರಿನವರ ಬಾಯಲ್ಲೇ ಈ ಎರಡೂ ಮಾತು ಕೇಳಬೇಕು.

ಎರಡನೆಯ ದಿನ: ಮುಳಬಾಗಿಲು, ಆವಣಿ, ಕುರುಡುಮಲೆ

ಕೋಲಾರದಿಂದ ಮುಳಬಾಗಿಲಿಗೆ ಸುಮಾರು 30 ಕಿ.ಮೀ. ಊರ ಹಿಂದೆಯೇ ಕೋಟೆಬೆಟ್ಟ. ನೆತ್ತಿಯ ದೊಡ್ಡ ಗುಂಡುಗಳು ಈಗ ಉರುಳಿದವೋ ಆಗ ಉರುಳಿದವೋ ಎನ್ನುವಂತೆ ನಿಂತಿವೆ. 1768ರ ಅಕ್ಟೋಬರಿನಲ್ಲಿ ಹೈದರಾಲಿಗೂ ಇಂಗ್ಲಿಷರಿಗೂ ಇದೇ ಬಂಡೆಗಳ ನಡುವೆ ಕಾಳಗ ನಡೆಯಿತು. ಇಂಗ್ಲಿಷರ ಪಡೆ ಸೋಲುವ ಹೊತ್ತಿಗೆ ಅವರ ಸಣ್ಣ ತುಕಡಿಯೊಂದು ಬಂಡೆ ಹತ್ತಿ, ಫಿರಂಗಿ ಹಾರಿಸಿ, ತಮ್ಮ ದಂಡನಾಯಕ ಸ್ಮಿತ್‌ನ ಹೆಸರು ಕೂಗಿ, ದೊಡ್ಡ ಸೈನ್ಯವೇ ಬಂತೆಂಬ ಭ್ರಮೆ ಹುಟ್ಟಿಸಿ ಪಾರಾಯಿತು. ಹತ್ತಿದವರು ಎಷ್ಟು ಮಂದಿ ಎಂಬುದು ಕೆಳಗಿನವರಿಗೆ ತಿಳಿಯದಿರಲು ಹೇಗೆ ಸಾಧ್ಯವಾಯಿತೆಂಬುದು ಬೆಟ್ಟದ ಬುಡದಲ್ಲಿ ನಿಂತಾಗಲೇ ಅರ್ಥವಾಗುತ್ತದೆ.

ಯುದ್ಧದ ಊರು ಭಕ್ತಿಯ ಊರೂ ಹೌದು. ಪಟ್ಟಣದ ಅಂಚಿನ ನರಸಿಂಹತೀರ್ಥದಲ್ಲಿ 15ನೇ ಶತಮಾನದ ಶ್ರೀಪಾದರಾಜರ ಬೃಂದಾವನವಿದೆ. ಕನ್ನಡದಲ್ಲಿ ದೇವರನಾಮ ಹಾಡುವ ಹರಿದಾಸ ಪರಂಪರೆಗೆ ಬಲ ತಂದವರು, ವ್ಯಾಸರಾಯರಿಗೆ ಗುರುಗಳು ಅವರು. ಬಾಬಾ ಹೈದರ್ ವಲಿ ದರ್ಗಾ ಕೂಡ ಇಲ್ಲೇ. ಉರುಸಿಗೆ ಎಲ್ಲ ಮತದವರೂ ಸೇರುತ್ತಾರೆ. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರೂ ಇದೇ.

ಇಲ್ಲಿಂದ ಆವಣಿ ಹತ್ತು–ಹದಿನೈದು ಕಿಲೋಮೀಟರಿನ ಹಾದಿ. ಈ ಪ್ರವಾಸದಲ್ಲಿ ಒಂದೇ ಒಂದು ಜಾಗಕ್ಕೆ ಸಮಯವಿದೆ ಎಂದಾದರೆ ಅದು ಆವಣಿಯೇ ಆಗಲಿ. ಬೆಟ್ಟದ ಬುಡದಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಎಂದು ಒಂದೇ ಆವರಣದಲ್ಲಿ ಗುಡಿಗಳ ಗುಂಪು. ಇವು ಮುಖ್ಯವಾಗಿ ನೊಳಂಬರ ಕಾಲದವು. ಗುಡಿಯ ಗೋಡೆ, ಹಿಂದಿನ ಬೆಟ್ಟ ಎರಡೂ ಒಂದೇ ಬಣ್ಣ. 10ನೇ ಶತಮಾನದಲ್ಲಿ ಆವಣಿಯ ಸ್ಥಾನವನ್ನು 40 ವರ್ಷ ಆಳಿದ ತ್ರಿಭುವನಕರ್ತ ಎಂಬ ಶೈವ ಗುರು 50 ಗುಡಿ ಕಟ್ಟಿಸಿ, ಎರಡು ದೊಡ್ಡ ಕೆರೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಗುಡಿಯ ಜತೆಗೇ ಕೆರೆಯನ್ನೂ ಎಣಿಸಿದ ಆ ಒಂದು ಸಾಲು ಸಾಕು, ಈ ಸೀಮೆಯಲ್ಲಿ ಪುಣ್ಯವೆಂದರೆ ಏನೆಂದು ತಿಳಿಯಲು.

ಬೆಟ್ಟದ ಮೇಲೆ ಸೀತೆಯ ಗುಡಿ. ಸೀತೆ ವನವಾಸದಲ್ಲಿದ್ದದ್ದು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಊರಿನವರ ನಂಬಿಕೆ. ದಾರಿಯುದ್ದಕ್ಕೂ ಒಂದೊಂದು ದೊಣೆಗೆ, ಒಂದೊಂದು ಗವಿಗೆ ಕಥೆ ಇದೆ. ಕಥೆ ಹೇಳುವವರು ಜತೆಗಿಲ್ಲದಿದ್ದರೆ ಅದು ನೀರು ನಿಂತ ಕಲ್ಲಿನ ಕುಳಿ ಅಷ್ಟೇ. ಮಾಘದ ಕೊನೆಯ ಶಿವರಾತ್ರಿ ಹೊತ್ತಿನ ಆವಣಿ ದನಗಳ ಜಾತ್ರೆಗೆ ಹಳ್ಳಿಕಾರ್ ಎತ್ತುಗಳನ್ನು ಹೊಡೆದುಕೊಂಡು ಬರುವ ರೈತರನ್ನು ನೋಡುವುದೂ ಒಂದು ಭಾಗ್ಯ.

ಸಂಜೆಗೆ ಕುರುಡುಮಲೆ. ಸುಮಾರು ಹದಿಮೂರೂವರೆ ಅಡಿ ಎತ್ತರದ ಏಕಶಿಲಾ ಗಣೇಶನ ಮುಂದೆ ಯಾವಾಗಲೂ ಜನ. ಅಷ್ಟು ದೂರದಲ್ಲೇ ಇರುವ ಸೋಮೇಶ್ವರ ಗುಡಿಗೆ ಬರುವವರು ವಿರಳ. ಅದರ ಒಂದರ್ಧ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣಾಚಾರಿಯದು ಎಂದು ಹೇಳುವುದುಂಟು. ಎರಡು ಕೈಗಳ ಕೆತ್ತನೆಯ ವ್ಯತ್ಯಾಸವನ್ನು ನೀವೇ ಹುಡುಕಿ ನೋಡಿ.

ಮೂರನೆಯ ದಿನ: ಪಾಲಾರ್‌ನಿಂದ ಗಣಿಯವರೆಗೆ

ಮುಳಬಾಗಿಲಿನಿಂದ ದಕ್ಷಿಣಕ್ಕೆ ಬಂದರೆ ಬೇತಮಂಗಲ. ಪಾಲಾರ್ ನದಿಯ ನೀರು ನಿಲ್ಲಿಸಿದ ಇಲ್ಲಿನ ವಿಶಾಲ ಕೆರೆಯೇ ಮುಂದೆ ಚಿನ್ನದ ಗಣಿಯ ಊರಾದ ಕೆಜಿಎಫ್‌ಗೆ ಕುಡಿಯುವ ನೀರಾಯಿತು. ಅಲ್ಲಿಂದ ಮುಂದೆ ಮಣ್ಣಿನ, ಕಲ್ಲಿನ ಬಣ್ಣ ಬದಲಾಗುತ್ತದೆ. ಉತ್ತರ–ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದ, ಕೆಲವೇ ಕಿಲೋಮೀಟರ್ ಅಗಲದ ಕಪ್ಪು ಶಿಲೆಯ ಪಟ್ಟಿ ಇದು. ಚಿನ್ನ ಇದ್ದದ್ದು ಈ ಪಟ್ಟಿಯ ಬೆಣಚುಕಲ್ಲಿನ ಎಳೆಗಳಲ್ಲಿ. ಹತ್ತಿರದ ಪೆದ್ದಪಲ್ಲಿಯಲ್ಲಿ ಪುರಾತನ ಜ್ವಾಲಾಮುಖಿ ಉಗುಳಿದ ಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಲಾಗಿದೆ.

1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗಾರಿಕೆ ಶುರುಮಾಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಉಳಿದದ್ದು ಶಾಫ್ಟ್‌ಗಳ ಕಬ್ಬಿಣದ ಗೋಪುರ, ಕಾರ್ಮಿಕರ ಲೈನ್ ಮನೆಗಳು, ಸೈನೈಡ್ ಗುಡ್ಡಗಳು. ಚಿನ್ನ ತೆಗೆದ ಮೇಲೆ ಸುರಿದ ಪುಡಿಯಿಂದ ಎದ್ದ ಈ ಬೋಳುಗುಡ್ಡಗಳಲ್ಲಿ ಮಳೆ ಕೊರೆದ ಕೊರಕಲುಗಳಿವೆ. ಮರುಭೂಮಿಯ ನೋಟ ಬೇಕೆಂದು ಸಿನಿಮಾದವರೂ ಇಲ್ಲಿಗೆ ಬರುತ್ತಾರೆ. ಆದರೆ ಗಾಳಿ ಎದ್ದಾಗ ಆ ದೂಳು ಸೇರುವುದು ಸುತ್ತಲ ಮನೆಗಳಿಗೆ. ಆದ್ದರಿಂದ ಫೋಟೊ ತೆಗೆದು ಹೊರಟುಬಿಡಬೇಡಿ. ಗಣಿಯಲ್ಲಿ ದುಡಿದ ಹಿರಿಯರ ಜತೆ ಒಂದು ಗಂಟೆ ಕೂತು ಮಾತು ಕೇಳಿ. ಈಗ ಇಲ್ಲಿನ ಎಷ್ಟೋ ಮಂದಿ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ.

ಹಿಂದಿರುಗುವಾಗ ಹೈದರಾಲಿ ಹುಟ್ಟಿದ ಬೂದಿಕೋಟೆಯನ್ನೂ, ಮಾಲೂರು ತಾಲ್ಲೂಕಿನಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಊರು ಮಾಸ್ತಿಯನ್ನೂ ನೋಡಬಹುದು. ಮೇ–ಜೂನ್ ಆದರೆ ಶ್ರೀನಿವಾಸಪುರದ ಮಾವಿನ ಮಂಡಿಗೆ ಒಂದು ಸುತ್ತು ಹಾಕಿ.

ಹೋಗುವವರಿಗೆ

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಅವರೆಕಾಯಿ ಸಾರು, ಮುದ್ದೆಯ ಕಾಲವೂ ಅದೇ. ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು 70 ಕಿ.ಮೀ.; ಬಸ್ಸಿಗೆ ಕೊರತೆಯಿಲ್ಲ. ಬೆಟ್ಟ ಹತ್ತುವ ಮೊದಲು ಅರಣ್ಯ ಇಲಾಖೆಯ ಅನುಮತಿ ವಿಚಾರಿಸಿಕೊಳ್ಳಿ. ಕತ್ತಲಲ್ಲಿ ಹತ್ತಬೇಡಿ. ನೀರು ಹೊತ್ತೊಯ್ಯಿರಿ, ಬಾಟಲಿ ಹೊತ್ತು ತನ್ನಿ. ಮಂಗಗಳಿವೆ, ತಿಂಡಿ ಚೀಲದೊಳಗೇ ಇರಲಿ. ಗಣಿಯ ಶಾಫ್ಟ್‌ಗಳ ಹತ್ತಿರ ಹೋಗುವುದು ಅಪಾಯ.

ಎಲ್ಲಕ್ಕಿಂತ ಮುಖ್ಯ, ಊರಿನವರನ್ನು ಕರೆದುಕೊಂಡು ಹೋಗಿ, ಅವರ ದಿನಕ್ಕೆ ತಕ್ಕ ಹಣ ಕೊಡಿ. ಅಟಕಾಮಾದ 'ಚಂದ್ರ ಕಣಿವೆ'ಯನ್ನು ನೋಡಿಕೊಳ್ಳುವವರು, ಪ್ರವೇಶ ಶುಲ್ಕ ಪಡೆಯುವವರು ಆ ನೆಲದ ಮೂಲನಿವಾಸಿ ಲಿಕನ್ ಅಂತೈ ಸಮುದಾಯದವರು. ತೇರಹಳ್ಳಿಯ, ಆವಣಿಯ, ಕೆಜಿಎಫ್‌ನ ಯುವಕ ಯುವತಿಯರಿಗೆ ತರಬೇತಿ, ಗುರುತಿನ ಚೀಟಿ, ನ್ಯಾಯವಾದ ದರ ಕೊಟ್ಟರೆ ಇಲ್ಲೂ ಅದು ಆಗುವ ಕೆಲಸ. ಬೆಟ್ಟ ನೋಡಲು ಬಂದವರಿಂದ ಮನೆ ನಡೆಯುವಂತಾದರೆ ಬೆಟ್ಟವನ್ನು ಜಲ್ಲಿಗೆ ಒಡೆಯುವುದನ್ನು ಊರೇ ನಿಂತು ತಡೆಯುತ್ತದೆ. ಕೋಲಾರದ ಬಂಡೆ ಉಳಿಯಬೇಕಾದ್ದು ಪ್ರವಾಸಿಗರ ಕಣ್ಣಿಗಾಗಿ ಅಲ್ಲ, ಅದರ ಬುಡದ ಕೆರೆಗಾಗಿ. ಪ್ರವಾಸಿಗರು ಅದಕ್ಕೆ ನೆರವಾಗಬಲ್ಲರು.