ನೀರಿನ ಲೆಕ್ಕಕ್ಕೆ ಊರೆಲ್ಲ ಕೂರಬೇಕು

ಉಮರ್ಗಾ, ನಿಲಂಗಾ, ಉದಗೀರ ಭಾಗದ ಗಡಿ ಹಳ್ಳಿಗಳಲ್ಲಿ ಮಳೆ ಕೈಕೊಟ್ಟ ವರ್ಷ ಎಲ್ಲರದೂ ಒಂದೇ ಮಾತು: ನೀರಿಲ್ಲ. ಆದರೆ ಇದ್ದ ನೀರು ಎಲ್ಲಿ ಹೋಯಿತು ಎಂದರೆ ಉತ್ತರ ಬೇರೆ ಬೇರೆ. ಕಬ್ಬಿನವರಿಗೆ ಕಾರ್ಖಾನೆಯ ಬಿಲ್ಲು ಮುಖ್ಯ. ಒಣ ಬೇಸಾಯದವರಿಗೆ ಸೋಯಾಬೀನ್, ತೊಗರಿ ದರದ ಚಿಂತೆ. ಕೂಲಿಯವರಿಗೆ ಕೆಲಸ ಬೇಕು. ಹೆಣ್ಣುಮಕ್ಕಳಿಗೆ ಕೊಡದ ನೀರು, ಮನೆಯ ಜೋಳ-ಬೇಳೆ ಬೇಕು. ಮರಾಠಿಯಲ್ಲಿ ‘ಶಾಶ್ವತ ಶೇತಿ’, ಕನ್ನಡದಲ್ಲಿ ಸುಸ್ಥಿರ ಕೃಷಿ ಎನ್ನುವುದು ಇವರೆಲ್ಲರ ಲೆಕ್ಕ ಒಂದೇ ಕಡೆ ಕೂಡಿದಾಗ ಮಾತ್ರ ಸಾಧ್ಯ.

2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದದ್ದು ನೆನಪಿದೆಯಲ್ಲವೆ? ಮೊದಲ ರೈಲು ತಂದದ್ದು 5 ಲಕ್ಷ ಲೀಟರ್. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ಅಂದರೆ ಆ ಇಡೀ ರೈಲಿನ ನೀರು 125 ಎಕರೆ ಮೇಲೆ ಬಿದ್ದ 1 ಮಿ.ಮೀ. ಮಳೆಗೆ ಸಮ! ಬಿದ್ದ ಮಳೆಯನ್ನು ಶಿವಾರದಲ್ಲೇ ಇಂಗಿಸಿ, ಅಳೆದು ಬಳಸುವುದೇ ದಾರಿ. ಇದನ್ನೇ ಮರಾಠಿಯಲ್ಲಿ ‘ಪಾಣ್ಯಾಚಾ ತಾಳೇಬಂದ’ ಎನ್ನುತ್ತಾರೆ. 2018ರಲ್ಲಿ ಶುರುವಾದ ನಾನಾಜಿ ದೇಶಮುಖ ಕೃಷಿ ಸಂಜೀವನಿ ಯೋಜನೆಯಲ್ಲಿ ಗ್ರಾಮ ಸಮಿತಿಗಳ ಮೂಲಕ ಈ ಲೆಕ್ಕ ಹಾಕಿಸಲಾಯಿತು.

ಊರ ಜನರನ್ನು ಕೂಡಿಸುವುದು ನಮ್ಮ ಭಾಗಕ್ಕೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರ ಭೂಕಂಪ ಔಸಾ, ಉಮರ್ಗಾ ತಾಲೂಕುಗಳ ಅನೇಕ ಹಳ್ಳಿಗಳನ್ನು ನೆಲಸಮ ಮಾಡಿತು. ಆಮೇಲೆ ಮನೆ ರಿಪೇರಿ ಕೆಲಸದಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಸಂಸ್ಥೆಯ ಮೂಲಕ ಹಳ್ಳಿಯ ಹೆಣ್ಣುಮಕ್ಕಳೇ ‘ಸಂವಾದ ಸಹಾಯಕ’ರಾಗಿ ಸರ್ಕಾರಕ್ಕೂ ಊರಿಗೂ ನಡುವೆ ನಿಂತರು. ಅದೇ ಸಂಸ್ಥೆ ಮುಂದೆ ಕೃಷಿಗೆ ಬಂತು. ಮನೆಯವರನ್ನು ಒಪ್ಪಿಸಿ ಒಂದು ಎಕರೆ ಪಡೆದು, ಹೆಣ್ಣುಮಕ್ಕಳು ಅದರಲ್ಲಿ ಕಾಳು, ಬೇಳೆ, ಕಾಯಿಪಲ್ಲೆ ಬೆಳೆದರು. 2016ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು.

ಇಲ್ಲೊಂದು ಪಾಠವಿದೆ. ಸಾತಬಾರಾದಲ್ಲಿ ಹೆಸರಿದ್ದವರೇ ರೈತರು ಎಂದುಕೊಂಡರೆ ದುಡಿಯುವ ಹೆಂಗಸರು, ಪಾಲಿಗೆ ಮಾಡುವವರು, ಕೂಲಿಯವರು ಸಭೆಯಿಂದ ಹೊರಗೇ ಉಳಿಯುತ್ತಾರೆ. ಬೋರ್ ಇದ್ದವರು ಮಾತ್ರ ಕುಳಿತು ಮಾಡಿದ ತೀರ್ಮಾನವನ್ನು ಬೋರ್ ಇಲ್ಲದವರು ಏಕೆ ಪಾಲಿಸಬೇಕು?

ಹಾಗಾದರೆ ಸಭೆ ಹೇಗಿರಬೇಕು? ಯಾರ ಮನೆ ಕಟ್ಟೆಯಲ್ಲೂ ಬೇಡ, ಗುಡಿ ಇಲ್ಲವೆ ಶಾಲೆಯ ಅಂಗಳದಲ್ಲಿ ಆಗಲಿ. ಹೊಲದ ಕೆಲಸ ಮುಗಿದ ಮೇಲೆ ಸಂಜೆ ಕೂಡಿಸಬೇಕು. ಕೃಷಿ ಸಹಾಯಕ, ಬ್ಯಾಂಕಿನವರು, ಅಡತಿಯವರನ್ನೂ ಕರೆಯಬೇಕು. ಭೂಮಿ ಇಲ್ಲದವರು ಮೊದಲು ಮಾತಾಡಲಿ. ಠರಾವು ಮರಾಠಿಯಲ್ಲಿ ಬರೆದರೂ ಸಹಿಗೆ ಮುಂಚೆ ಕನ್ನಡದಲ್ಲಿ ಓದಿ ಹೇಳಬೇಕು. ಅರ್ಥವಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆ ಅಲ್ಲ.

ಮೊದಲ ಸಭೆಗೆ ಒಂದೇ ವಿಷಯ ಸಾಕು. ಮುಂಗಾರು ಮುಗಿದ ಮೇಲೆ, ಅಕ್ಟೋಬರ್‌ನಲ್ಲಿ, ಊರ ಬಾವಿಗಳ ನೀರು ಎಲ್ಲರೆದುರು ಅಳೆಯಿರಿ. ಕುಡಿಯುವುದಕ್ಕೆ, ದನಕರುಗಳಿಗೆ ಮೊದಲು ತೆಗೆದಿಡಿ. ಉಳಿದದ್ದರ ಮೇಲೆ ಹಿಂಗಾರಿ ಜೋಳ, ಕಡಲೆ ಎಷ್ಟು, ಹೊಸ ಕಬ್ಬು ಎಷ್ಟು ಎಂದು ಒಪ್ಪಿಕೊಳ್ಳಿ.

ಮಾಂಜರಾ ನಮ್ಮಲ್ಲಿ ಹರಿದು ಬೀದರ ಜಿಲ್ಲೆಗೆ ಹೋಗುತ್ತದೆ. ಅದಕ್ಕೆ ಗಡಿಯೂ ಇಲ್ಲ, ಭಾಷೆಯೂ ಇಲ್ಲ. ಲೆಕ್ಕ ಇಡಬೇಕಾದವರು ನಾವೇ.